ಮುನ್ನೂರ ನಾಲ್ಕನೇ ಮನೆಯ ನೀರು

ಪೈಪು ಕತ್ತರಿಸುವುದು, ಜಾಯಿಂಟು ಕೂರಿಸುವುದು, ನಲ್ಲಿಯ ವಾಷರ್ ಬದಲಿಸುವುದು, ಇವನ್ನೆಲ್ಲ ಆರು ತಿಂಗಳಲ್ಲಿ ಕಲಿಯಬಹುದು. ಇನ್ನೊಬ್ಬರ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಹೇಗೆ ಮಾತಾಡಬೇಕು ಎಂಬುದನ್ನು ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು. ನಾನು ಕೆಲಸ ಬಿಟ್ಟ ಮೇಲೆ ನನ್ನ ಜಾಗಕ್ಕೆ ಬಂದಿರುವ ಇಬ್ಬರು ಪ್ಲಂಬರ್‌ಗಳು ಆಗಾಗ ಫೋನು ಮಾಡಿ, ಯಾವ ವಾಲ್ವ್ ಎಲ್ಲಿದೆ ಎಂದು ಕೇಳುತ್ತಾರೆ. ಹೇಳುತ್ತೇನೆ. ಫೋನಿನಲ್ಲಿ ಹೇಳಲಾಗದೆ ಉಳಿದ ಒಂದು ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ನಂಜುಂಡಪ್ಪ, ಊರು ಕುಣಿಗಲ್ ಕಡೆ. ಮೊದಲು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪೈಪ್ ಫಿಟ್ಟರ್ ಆಗಿದ್ದೆ. ಅದು ಮುಚ್ಚಿದ ಮೇಲೆ ಬಾಗಲಗುಂಟೆಯ ಬಾಡಿಗೆ ಮನೆ ಖಾಲಿ ಮಾಡಿಕೊಂಡು, ಕುಂದಲಹಳ್ಳಿ ಹತ್ತಿರದ ದೊಡ್ಡ ಅಪಾರ್ಟ್‌ಮೆಂಟೊಂದಕ್ಕೆ ಪ್ಲಂಬರ್ ಆಗಿ ಬಂದೆ. ಅಲ್ಲಿಯೇ ಕೂದಲು ಬೆಳ್ಳಗಾಯಿತು.

ಆ ಅಪಾರ್ಟ್‌ಮೆಂಟಿನ ನಡುವೆ ಒಂದು ಹುಲ್ಲುಹಾಸಿತ್ತು. ಎಲ್ಲರೂ ಅದನ್ನು ಲಾನ್ ಎನ್ನುತ್ತಿದ್ದರು. ಸಂಜೆ ಮಕ್ಕಳು ಅಲ್ಲಿ ಉರುಳಾಡುತ್ತಿದ್ದರು, ವಯಸ್ಸಾದವರು ಚಪ್ಪಲಿ ಬಿಟ್ಟು ನಡೆಯುತ್ತಿದ್ದರು. ಅದಕ್ಕೆ ನೀರು ಚಿಮ್ಮಿಸುವ ಪೈಪು ಹಾಕಿದವನು ನಾನೇ. ಹಾಕಿದ ಮೊದಲ ದಿನ, ಕೆಲಸ ಮುಗಿದ ಸಂತೋಷಕ್ಕೆ, ನಡುಮಧ್ಯಾಹ್ನ ಪೂರ್ತಿ ತಿರುಗಿಸಿ ಬಿಟ್ಟೆ. ತೋಟದ ಕೆಲಸದ ಶರಣಮ್ಮ ಸೆರಗು ತಲೆಮೇಲೆ ಹೊದ್ದು ದೂರದಲ್ಲಿ ನಿಂತು ನೋಡುತ್ತಿದ್ದಳು. ಯಾದಗಿರಿ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದು, ಆಮೇಲೆ ನಮ್ಮಲ್ಲಿ ತೋಟಕ್ಕೆ ಸೇರಿದವಳು.

"ಅಣ್ಣಾರ, ಈ ಹೊತ್ತಿನ್ಯಾಗ ಬಿಟ್ರ ನೆಲ ಕುಡಿಯಂಗಿಲ್ರಿ. ಬಿಸಿಲು ಕುಡೀತದ" ಎಂದಳು.

ನಾನು ನಾಚಿ ನಿಲ್ಲಿಸಿದೆ. ಅಂದಿನಿಂದ ಬೆಳಗಿನ ಜಾವವೇ ಬಿಡುವುದಾಯಿತು.

ನಾನು ಹೇಳಹೊರಟ ಬೇಸಿಗೆ ಅದಕ್ಕೆ ಎಷ್ಟೋ ವರ್ಷ ಆದ ಮೇಲಿನದು. ನಮ್ಮ ಬೋರ್‌ವೆಲ್‌ಗಳು ಒಂದೊಂದಾಗಿ ಬತ್ತಿ ಗಾಳಿ ಕೆಮ್ಮತೊಡಗಿದವು. ಕುಡಿಯುವ ನೀರನ್ನು ತೋಟಕ್ಕಾಗಲಿ ಕಾರು ತೊಳೆಯಲಾಗಲಿ ಬಳಸಬಾರದು ಎಂದು ಆದೇಶ ಬಂತು. ಮನೆಗಳ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕ ನಮ್ಮಲ್ಲಿತ್ತು, ಆದರೆ ಆ ನೀರು ಫ್ಲಶ್‌ಗಳಿಗೇ ಸರಿಹೋಗುತ್ತಿತ್ತು. ಹೀಗಾಗಿ ನಮ್ಮ ಮ್ಯಾನೇಜರ್ ಲಲಿತಾ ಮೇಡಂ ಲಾನಿನ ನಲ್ಲಿಗೆ ಬೀಗ ಹಾಕಿಸಿದರು. ಲಲಿತಾ ಮೇಡಂ ಮಾತು ಕಡಿಮೆ, ಕೆಲಸ ಖಡಕ್ಕು. ಬೀಗ ಹಾಕುವಾಗ ಮಾತ್ರ, "ಪಾಪ ಕಣ್ರೀ, ಇಷ್ಟು ವರ್ಷ ಸಾಕಿದ್ದು" ಎಂದರು. ಎರಡು ವಾರದಲ್ಲಿ ಹುಲ್ಲು ಕಂದಿತು. ಮೂರನೇ ವಾರ ಕಾಲಿಟ್ಟರೆ ಚುಚ್ಚುತ್ತಿತ್ತು.

ಆಮೇಲೆ ಮನೆಗಳೊಳಗಿನ ಕೆಲಸ. ಪ್ರತಿ ನಲ್ಲಿಯ ಬಾಯಿಗೆ ಒಂದು ಸಣ್ಣ ಜಾಲರಿ ತಿರುಗಿಸಿ ಕೂರಿಸಬೇಕು. ಏರೇಟರ್ ಎನ್ನುತ್ತಾರೆ. ನೀರಿಗೆ ಗಾಳಿ ಬೆರೆತು ಧಾರೆ ದಪ್ಪ ಕಾಣುತ್ತದೆ, ಬರುವ ನೀರು ಕಡಿಮೆ. ಬ್ಲಾಕಿನಿಂದ ಬ್ಲಾಕಿಗೆ, ಮನೆಯಿಂದ ಮನೆಗೆ ಅದನ್ನು ಹಿಡಿದು ತಿರುಗಿದೆ. ಒಂದು ಮನೆಯ ಅಜ್ಜಿ ನಲ್ಲಿ ಬಿಟ್ಟು ನೋಡಿ, "ಏನಪ್ಪಾ ಇದು, ನಲ್ಲೀಗೆ ನೆಗಡಿ ಬಂದಂಗೈತೆ" ಅಂದಳು. ಆಕೆಯ ಮನೆಯಲ್ಲಿ ಅಕ್ಕಿ ತೊಳೆದ ನೀರಿಗೆ ಒಂದು ಪಾತ್ರೆ, ತರಕಾರಿ ತೊಳೆದದ್ದಕ್ಕೆ ಇನ್ನೊಂದು. ಕರಿಬೇವಿನ ಕುಂಡಕ್ಕೆ ಹೋಗುವ ನೀರಿಗೂ ಅಲ್ಲಿ ಸರದಿ ಇತ್ತು. ಅಂಥ ಮನೆಗಳಲ್ಲಿ ನನಗೇನೂ ಕಲಿಸುವುದಿರಲಿಲ್ಲ, ಕಾಫಿ ಕುಡಿದು ಎದ್ದು ಬರುತ್ತಿದ್ದೆ.

ಪ್ರತಿ ಮನೆಗೂ ನೀರಿನ ಮೀಟರ್ ಇತ್ತು. ಅದನ್ನು ಓದಿ ಬರೆದುಕೊಳ್ಳುವುದೂ ನನ್ನ ಕೆಲಸವೇ. ಅಪಾರ್ಟ್‌ಮೆಂಟಿನ ಸಂಘದವರು, ಅತಿ ಹೆಚ್ಚು ನೀರು ಬಳಸುವ ಮನೆಗಳ ಪಟ್ಟಿಯನ್ನು ಲಿಫ್ಟಿನಲ್ಲಿ ಅಂಟಿಸುವುದೆಂದು ತೀರ್ಮಾನಿಸಿದರು. ಪಟ್ಟಿ ಮಾಡಿ ಕೊಟ್ಟವನು ನಾನು. ಎಲ್ಲಕ್ಕಿಂತ ಮೇಲಿದ್ದದ್ದು ಮೂರನೇ ಮಹಡಿಯ ಮುನ್ನೂರ ನಾಲ್ಕು.

ಆ ಮನೆಯಲ್ಲಿದ್ದವರು ಮೂರೇ ಜನ. ವಾಸಂತಿ ಮೇಡಂ, ಅವರ ಗಂಡ, ಒಬ್ಬ ಮಗ. ಗಂಡ ಅತ್ತಿಬೆಲೆಯ ಒಂದು ಕಾರ್ಖಾನೆಗೆ ಬೆಳಗ್ಗೆ ಆರಕ್ಕೇ ಹೊರಡುತ್ತಿದ್ದರು. ಮಗ ಚೇತನ್‌ಗೆ ಇಪ್ಪತ್ತೆರಡು ವರ್ಷ. ಅವನಿಗೆ ಮಾತು ಬರುವುದಿಲ್ಲ, ಜನರ ಮುಖ ನೋಡುವುದಿಲ್ಲ ಎಂದು ಗೊತ್ತಿತ್ತು. ಅದಕ್ಕಿಂತ ಹೆಚ್ಚು ಯಾರೂ ವಿಚಾರಿಸಿರಲಿಲ್ಲ. ನಾನೂ ವಿಚಾರಿಸಿರಲಿಲ್ಲ.

ಎಲ್ಲೋ ಸೋರುತ್ತಿರಬೇಕೆಂದು ಹೋದೆ. ಫ್ಲಶ್ ಟ್ಯಾಂಕಿಗೆ ಬಣ್ಣ ಹಾಕಿ ನೋಡಿದೆ. ಕಮೋಡಿನಲ್ಲಿ ಬಣ್ಣ ಇಳಿಯಲಿಲ್ಲ. ಅಡಿಗೆಮನೆ ಸರಿ ಇತ್ತು. ಉಳಿದದ್ದು ಒಳಗಿನ ಬಚ್ಚಲುಮನೆ ಮಾತ್ರ. ಅದರ ಬಾಗಿಲು ಹಾಕಿತ್ತು.

"ಅದು ಬೇಡ. ಇನ್ನೊಂದ್ ದಿನ ಬನ್ನಿ" ಎಂದರು ವಾಸಂತಿ ಮೇಡಂ.

"ಎರಡೇ ನಿಮಿಷ ಮೇಡಂ, ನೋಡ್ಬುಟ್ಟು ಬತ್ತೀನಿ."

"ಬೇಡ ಅಂದ್ನಲ್ಲ."

ಮೂರು ದಿನ ಹೋದೆ, ಮೂರು ದಿನವೂ ಅದೇ ಮಾತು. ಒಳಗೆ ನೀರು ಬೀಳುವ ಸದ್ದು ಬಾಗಿಲಾಚೆಯಿಂದ ಕೇಳುತ್ತಲೇ ಇತ್ತು. ನನಗೆ ಸಿಟ್ಟು ಬಂತು. ಕೆಳಗೆ ಶರಣಮ್ಮ ಕುಂಡಗಳಿಗೆ ಲೋಟದಲ್ಲಿ ಅಳೆದು ನೀರು ಹಾಕುತ್ತಿದ್ದಾಳೆ, ಇಲ್ಲಿ ಬಾಗಿಲು ಹಾಕಿಕೊಂಡು ಹರಿಸುತ್ತಿದ್ದಾರೆ ಎನ್ನಿಸಿತು. ಲಲಿತಾ ಮೇಡಂ ಹತ್ತಿರ ಹೋಗಿ, "ಲೀಕೇನಿಲ್ಲ ಮೇಡಂ, ಸುಮ್ನೆ ಪೋಲು ಮಾಡ್ತಾವ್ರೆ" ಎಂದು ಹೇಳಿದೆ. ನೋಡದೆ ಹೇಳಿದ ಮಾತು. ನನ್ನ ಕೆಲಸದ ಬದುಕಿನಲ್ಲಿ ಹಲವು ಪೈಪು ಒಡೆದಿದ್ದೇನೆ, ಒಮ್ಮೆ ಒಂದು ಇಡೀ ಮಹಡಿಗೆ ನೀರು ನುಗ್ಗಿಸಿದ್ದೇನೆ. ಆದರೂ ನನ್ನ ತಪ್ಪುಗಳಲ್ಲಿ ದೊಡ್ಡದು ಯಾವುದೆಂದು ಕೇಳಿದರೆ ಈ ಒಂದು ವಾಕ್ಯವನ್ನೇ ಹೇಳುತ್ತೇನೆ.

ಆ ಮನೆಯ ವಾಲ್ವ್ ತಿರುಗಿಸಿ ಧಾರೆ ಸಣ್ಣ ಮಾಡುವಂತೆ ಸಂಘದಿಂದ ಅಪ್ಪಣೆಯಾಯಿತು. ಬಚ್ಚಲುಮನೆಗಳ ಹಿಂದೆ ಪೈಪುಗಳೆಲ್ಲ ಇಳಿಯುವ ಒಂದು ಇಕ್ಕಟ್ಟಾದ ಓಣಿಯಂಥ ಜಾಗವಿರುತ್ತದೆ, ಡಕ್ಟು. ಮಧ್ಯಾಹ್ನ ಮೂರು ಗಂಟೆಗೆ ಅದರೊಳಗೆ ಇಳಿದು, ಮುನ್ನೂರ ನಾಲ್ಕರ ವಾಲ್ವ್ ತಿರುಗಿಸಿದೆ. ಒಳಗೆ ನೀರಿನ ಸದ್ದು ತೆಳ್ಳಗಾಯಿತು, ನೂಲಿನಷ್ಟಾಯಿತು.

ಆಗ ಕೂಗು ಕೇಳಿಸಿತು. ಗಂಡಸಿನ ದನಿ, ಆದರೆ ಎಳೆಮಗು ಬೆಚ್ಚಿ ಕೂಗಿದ ಹಾಗೆ. ಅದರ ಬೆನ್ನಿಗೇ ಗೋಡೆಗೆ ಏನೋ ಬಡಿಯುವ ಸದ್ದು. ನನ್ನ ಬೆನ್ನು ಅದೇ ಗೋಡೆಗೆ ಒರಗಿತ್ತು. ಪ್ರತಿ ಪೆಟ್ಟೂ ನನ್ನ ಬೆನ್ನಿಗೆ ತಾಕಿತು. ಬಡಿಯುತ್ತಿದ್ದದ್ದು ತಲೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಡುನಡುವೆ ತಾಯಿಯ ದನಿ: "ಬರತ್ತೆ ಕಂದಾ, ಬರತ್ತೆ. ನನ್ನ ಕೈ ಮೇಲೆ ಹೊಡ್ಕೋ. ಗೋಡೆಗೆ ಬೇಡ ಕಂದಾ. ಈಗ ಬರತ್ತೆ."

ನಾನು ವಾಲ್ವನ್ನು ಪೂರ್ತಿ ತೆರೆದೆ. ಸದ್ದು ಮರಳಿತು. ಪೆಟ್ಟು ನಿಂತಿತು. ಸ್ಪ್ಯಾನರನ್ನು ಡಕ್ಟಿನಲ್ಲೇ ಬಿಟ್ಟು ಹೊರಗೆ ಬಂದೆ.

ಹೋಗಿ ಬಾಗಿಲು ತಟ್ಟಿದೆ. ವಾಸಂತಿ ಮೇಡಂ ತೆರೆದರು. ಸೀರೆ ಮಂಡಿವರೆಗೂ ಒದ್ದೆ. ಬಲಗೈ ಬೆರಳ ಗೆಣ್ಣುಗಳು ಕೆಂಪಾಗಿ ಊದಿದ್ದವು.

"ವಾಲ್ವ್ ತಿರುಗ್ಸಿದ್ದು ನಾನೇ ಮೇಡಂ. ತಪ್ಪಾಯ್ತು" ಎಂದೆ.

ಅವರು ಬೈಯುತ್ತಾರೆಂದುಕೊಂಡಿದ್ದೆ. ಅವರು ಬಾಗಿಲು ಇನ್ನಷ್ಟು ತೆರೆದು, "ಒಳಗ್ ಬನ್ನಿ" ಎಂದರು.

ವಿಷಯ ಅವರೇ ಹೇಳಿದರು. ಪಕ್ಕದ ಸೈಟುಗಳಲ್ಲೆಲ್ಲ ಆ ಬೇಸಿಗೆ ಹೊಸ ಬೋರ್‌ವೆಲ್ ಕೊರೆಯುತ್ತಿದ್ದರು. ಬಂಡೆ ಕೊರೆಯುವ ಆ ಸದ್ದು ನಮಗೆ ಕಿರಿಕಿರಿ, ಚೇತನ್‌ಗೆ ತಡೆಯಲಾಗದ ನೋವು. ಕಿವಿಗೆ ಹತ್ತಿ ಇಟ್ಟರೆ ಕಿತ್ತು ಹಾಕುತ್ತಿದ್ದ. ಕಿಟಕಿಗೆ ಹಾಸಿಗೆ ಒಡ್ಡಿದರೂ ಆಗಲಿಲ್ಲ. ಷವರ್ ಕೆಳಗೆ ಕೂತರೆ ಮಾತ್ರ, ತಲೆಯ ಮೇಲೆ ನೀರು ಬೀಳುವ ಸದ್ದು ಆ ಸದ್ದನ್ನು ಮುಚ್ಚುತ್ತಿತ್ತು. ಅಲ್ಲಿ ಬೋರ್ ಕೊರೆಯುವ ಯಂತ್ರ, ರಿಗ್ಗು, ನಿಲ್ಲುವವರೆಗೆ ಇಲ್ಲಿ ಅವನು ಕೂತಿರುತ್ತಿದ್ದ. ನೀರಿಗಾಗಿ ಊರೆಲ್ಲ ನೆಲ ಕೊರೆಯುತ್ತಿತ್ತು, ಆ ಕೊರೆತದಿಂದ ತಪ್ಪಿಸಿಕೊಳ್ಳಲು ಇವನಿಗೆ ನೀರೇ ಬೇಕಾಗಿತ್ತು.

"ಮೊದ್ಲೇ ಹೇಳ್ಬೋದಿತ್ತಲ್ಲ ಮೇಡಂ" ಎಂದೆ.

"ಎಲ್ರಿಗೂ ಹೇಳಿ ಹೇಳಿ ಸಾಕಾಗಿದೆ ನಂಜುಂಡಣ್ಣ. ಹೇಳಿದ್ಮೇಲೆ ಪಾಪ ಅಂತಾರೆ. ಆಮೇಲೆ ಇವನ್ನ ಲಿಫ್ಟಲ್ಲಿ ಕಂಡ್ರೆ ಮಕ್ಕಳ ಕೈ ಹಿಡ್ಕೊಂಡು ಪಕ್ಕಕ್ಕೆ ಎಳೀತಾರೆ. ಪಟ್ಟೀಲಿ ಹೆಸ್ರು ಬಂದ್ರೆ ಬರ್ಲಿ ಅನ್ಕೊಂಡೆ. ಅದಕ್ಕಿಂತ ನೀರು ಜಾಸ್ತಿ ಖರ್ಚು ಮಾಡೋಳು ಅನ್ಸ್ಕೊಳ್ಳೋದು ವಾಸಿ."

ಅವರು ತಮ್ಮ ಬಟ್ಟೆಗಳನ್ನು ಗಂಟು ಕಟ್ಟಿ ತಂಗಿಯ ಮನೆಗೆ ಒಯ್ದು ಒಗೆದು ತರುತ್ತಿದ್ದರು. ತಾವು ಒಂದೇ ಚೊಂಬಿನಲ್ಲಿ ಮೈ ಒರೆಸಿಕೊಳ್ಳುತ್ತಿದ್ದರು. ಮಗನ ಪಾಲಿಗೆ ಉಳಿಯಲಿ ಎಂದು. ಅದು ಮೀಟರಿನಲ್ಲಿ ಕಾಣುವುದಿಲ್ಲ.

ಆ ದಿನ ಮನೆಗೆ ಹೋಗಿ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು, "ಅವ್ನಿಗೆ ಬೇಕಾಗಿರೋದು ನೀರೋ, ನೀರಿನ್ ಸದ್ದೋ?" ಎಂದು ಕೇಳಿದಳು. ಅಷ್ಟೇ ಕೇಳಿ ಪಾತ್ರೆ ತೊಳೆಯಲು ಹೋದಳು. ನನಗೆ ಪೀಣ್ಯದ ಲೇತ್ ಯಂತ್ರಗಳು ನೆನಪಾದವು. ಅಲ್ಲಿ ಕಬ್ಬಿಣ ಕೊರೆಯುವಾಗ ಬಿಸಿಯಾಗದಂತೆ ಹಾಲಿನ ಬಣ್ಣದ ಒಂದು ದ್ರವ ಮೇಲಿಂದ ಬೀಳುತ್ತಿರುತ್ತದೆ. ಅದು ಕೆಳಗಿನ ತಟ್ಟೆಗಿಳಿದು, ಸೋಸಿ, ಮತ್ತೆ ಪಂಪಿನಲ್ಲಿ ಮೇಲಕ್ಕೆ ಹೋಗುತ್ತದೆ. ದಿನವಿಡೀ ಸುರಿದರೂ ಸುರಿಯುವುದು ಅದೇ ಒಂದೆರಡು ಬಕೆಟ್.

ಮರುದಿನ ಗುಜರಿ ಅಂಗಡಿಯಲ್ಲಿ ಹುಡುಕಿ ಬ್ಯಾಟರಿಯಲ್ಲಿ ಓಡುವ ಒಂದು ಸಣ್ಣ ಪಂಪು ತಂದೆ. ಬಚ್ಚಲಿನೊಳಗೆ ಕರೆಂಟಿನ ಪಂಪು ಇಡುವುದು ಪ್ರಾಣಕ್ಕೆ ಅಪಾಯ. ಈ ಕೆಲಸಕ್ಕೆ ಬರುವವರು ಇದನ್ನು ಯಾರು ಎಷ್ಟೇ ಒತ್ತಾಯಿಸಿದರೂ ಮಾಡಬಾರದು. ಬ್ಯಾಟರಿಯನ್ನು ಬಚ್ಚಲ ಹೊರಗಿಟ್ಟೆ. ಒಳಗೆ ಅಗಲವಾದ ಪ್ಲಾಸ್ಟಿಕ್ ಟಬ್, ಅದರ ಮೂಲೆಯಲ್ಲಿ ಪಂಪು, ಸೋಸಲು ವಾಸಂತಿ ಮೇಡಂ ಹೊಲಿದು ಕೊಟ್ಟ ಹತ್ತಿಬಟ್ಟೆಯ ಚೀಲ, ಮೇಲಕ್ಕೊಂದು ಪೈಪು, ತುದಿಗೆ ಷವರ್. ಎರಡು ಬಕೆಟ್ ಒಳ್ಳೆಯ ನೀರು ಹಾಕಿ ಓಡಿಸಿದೆ. ಚೆನ್ನಾಗಿ ಓಡಿತು.

ಚೇತನ್ ಬಂದ. ನಾನು ಅವನನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎತ್ತರದ ಆಳು, ಹಣೆಯ ಮೇಲೆ ಕಂದಿದ ಗಾಯ. ನೀರಿಗೆ ಕೈಯೊಡ್ಡಿದ, ತಲೆ ಓರೆ ಮಾಡಿ ಕೇಳಿಸಿಕೊಂಡ. ಮರುಕ್ಷಣ ಷವರನ್ನು ಕಿತ್ತು ಎಸೆದ. ಅದು ನನ್ನ ಹುಬ್ಬಿಗೆ ಬಡಿಯಿತು.

"ಅಯ್ಯೋ, ರಕ್ತ ಬರ್ತಿದೆ" ಎಂದು ವಾಸಂತಿ ಮೇಡಂ ಅಳತೊಡಗಿದರು.

"ಏನಾಗಿಲ್ಲ ಬಿಡಿ. ನನ್ ಕೆಲ್ಸ ಸರಿ ಇಲ್ಲ ಅಂದ, ಅಷ್ಟೇ" ಎಂದೆ. ನನಗೆ ನಿಜಕ್ಕೂ ಹಾಗೇ ಅನ್ನಿಸಿತ್ತು. ಗಿರಾಕಿ ಬಾಯಿಬಿಟ್ಟು ಹೇಳುವುದನ್ನು ಅವನು ಕೈಯಲ್ಲಿ ಹೇಳಿದ್ದ.

ಎಲ್ಲಿ ತಪ್ಪಿದೆ ಎಂದು ತಿಳಿಯಲು ಬಚ್ಚಲ ಬಾಗಿಲ ಹೊರಗೆ ನೆಲದ ಮೇಲೆ ಕಣ್ಣು ಮುಚ್ಚಿ ಕೂತೆ. ಮೊದಲು ನಲ್ಲಿಯ ಷವರ್ ಬಿಡಿಸಿ ಕೇಳಿದೆ, ಆಮೇಲೆ ನನ್ನದು. ನಲವತ್ತು ವರ್ಷ ನೀರಿನ ಕೆಲಸ ಮಾಡಿದವನು ನಾನು. ಎಲ್ಲಿ ಸೋರುತ್ತಿದೆ ಎಂದು ಕಂಡುಹಿಡಿಯುವುದಕ್ಕಲ್ಲದೆ ನೀರಿನ ಸದ್ದನ್ನು ಅದರ ಸಲುವಾಗಿಯೇ ಕೇಳಿರಲಿಲ್ಲ. ನಲ್ಲಿಯ ಷವರ್‌ನಿಂದ ದಪ್ಪ ಹನಿ ಬೀಳುತ್ತಿತ್ತು, ಬಿಮ್ಮೆಂದು ತುಂಬಿಕೊಂಡ ಸದ್ದು. ನನ್ನದು ಸಣ್ಣ ಹನಿ, ಹಾವು ಬುಸುಗುಟ್ಟಿದ ಹಾಗೆ. ಷವರಿನ ತೂತುಗಳನ್ನು ದೊಡ್ಡದು ಮಾಡಿದೆ, ಅದನ್ನು ಒಂದು ಮೊಳ ಮೇಲಕ್ಕೇರಿಸಿದೆ, ಟಬ್ಬಿನಲ್ಲಿ ಒಂದು ಸ್ಟೀಲ್ ತಟ್ಟೆ ಬೋರಲು ಹಾಕಿದೆ. ಎರಡನೇ ದಿನವೂ ಅವನು ಒಪ್ಪಲಿಲ್ಲ. ಆದರೆ ಎಸೆಯಲಿಲ್ಲ, ಸುಮ್ಮನೆ ಎದ್ದುಹೋದ. ತಟ್ಟೆ ತೆಗೆದು, ಷವರಿಗೆ ಇನ್ನೂ ಮೂರು ತೂತು ಕೊರೆದೆ.

ಮೂರನೇ ದಿನ ಮಧ್ಯಾಹ್ನ ಹೊರಗೆ ರಿಗ್ಗು ಶುರುವಾಯಿತು. ಚೇತನ್ ಕಿವಿ ಮುಚ್ಚಿಕೊಂಡು ಬಚ್ಚಲಿಗೆ ಓಡಿ ಬಂದ. ನಾನು ಪಂಪು ಹಾಕಿದೆ. ನೀರಿಗೆ ಕೈಯೊಡ್ಡಿದ, ಕೈ ಮೂಸಿ ನೋಡಿದ. ಟಬ್ಬಿನೊಳಗೆ ಕಾಲಿಟ್ಟು ಕೂತ. ಕಿವಿಯಿಂದ ಒಂದು ಕೈ ತೆಗೆದ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದನ್ನೂ ತೆಗೆದ.

ವಾಸಂತಿ ಮೇಡಂ ಬಾಗಿಲಿಗೆ ಒರಗಿ ನಿಂತಿದ್ದರು. ಅಡಿಗೆಮನೆಗೆ ಹೋಗಿ, ತುಂಬಾ ದಿನಗಳ ಮೇಲೆ ಕೂತು ಒಂದು ಲೋಟ ಕಾಫಿ ಕುಡಿದರು. ನನಗೂ ಕೊಟ್ಟರು. ಒಳಗೆ ನೀರು ಬೀಳುತ್ತಿತ್ತು.

ಇನ್ನು ಪಟ್ಟಿಯಿಂದ ಅವರ ಹೆಸರು ತೆಗೆಸಬೇಕು. ಆದರೆ ಕಾರಣ ಹೇಳಕೂಡದು ಎಂದು ಅವರು ಕೇಳಿಕೊಂಡಿದ್ದರು. ನಾನು ಕೆಲಸದ ರಿಜಿಸ್ಟರಿನಲ್ಲಿ 'ಮುನ್ನೂರ ನಾಲ್ಕು, ಲೀಕ್ ಸರಿಪಡಿಸಲಾಗಿದೆ' ಎಂದು ಬರೆದೆ. ಅಲ್ಲಿಯವರೆಗೆ ರಿಜಿಸ್ಟರಿನಲ್ಲಿ ಸುಳ್ಳು ಬರೆದವನಲ್ಲ.

ಲಲಿತಾ ಮೇಡಂ ಓದಿ, ನನ್ನ ಹುಬ್ಬಿನ ಮೇಲಿನ ಬ್ಯಾಂಡೇಜ್ ನೋಡಿದರು. "ಲೀಕ್ ಇಲ್ಲ ಅಂದಿದ್ರಲ್ಲ. ಎಲ್ಲಿತ್ತು?"

"ನಾನು ಸರಿಯಾಗಿ ನೋಡಿರ್ಲಿಲ್ಲ ಮೇಡಂ."

ಅವರು ಪೆನ್ನು ತೆಗೆದರು. ಸಹಿ ಹಾಕಿದರು. ಅಂದು ಸಂಜೆಯೊಳಗೆ ಆ ಮನೆಯದಷ್ಟೇ ಅಲ್ಲ, ಲಿಫ್ಟುಗಳಲ್ಲಿದ್ದ ಪಟ್ಟಿಗಳನ್ನೇ ತೆಗೆಸಿಬಿಟ್ಟಿದ್ದರು. ಜಾಸ್ತಿ ಬಳಸುವ ಮನೆಗಳಿಗೆ ಇನ್ನು ಮುಂದೆ ನಾನೇ ಹೋಗಿ ಮಾತಾಡಬೇಕೆಂದರು. "ನೋಡ್ಕೊಂಡು ಮಾತಾಡಿ" ಎಂದೂ ಸೇರಿಸಿದರು.

ಟಬ್ಬಿನ ನೀರನ್ನು ದಿನಾ ಸಂಜೆ ಬದಲಿಸಬೇಕಿತ್ತು. ಸೋಪಿಲ್ಲದ ನೀರು, ಚೆಲ್ಲಲು ಮನಸ್ಸು ಬರಲಿಲ್ಲ. ರಿಗ್ಗು ನಿಂತು ಬಿಸಿಲು ಇಳಿದ ಮೇಲೆ ವಾಸಂತಿ ಮೇಡಂ ಒಂದು ಬಕೆಟ್, ಚೇತನ್ ಒಂದು ಬಕೆಟ್ ಹಿಡಿದು ಕೆಳಗೆ ಬರತೊಡಗಿದರು. ಶರಣಮ್ಮ ಗಿಡಗಳ ಕಡೆ ಕೈ ತೋರಿಸಿದಳು. ವಾಸಂತಿ ಮೇಡಂ ಗಿಡಗಳಿಗೆ ಹಾಕಿದರು. ಚೇತನ್ ಮಾತ್ರ ಒಣಗಿದ ಲಾನಿನ ನಡುವೆ ನಡೆದು, ಒಂದು ಜಾಗದಲ್ಲಿ ಸುರಿದು, ಕುಕ್ಕರಗಾಲಲ್ಲಿ ಕೂತು, ನೆಲ ನೀರು ಹೀರುವುದನ್ನು ನೋಡುತ್ತಿದ್ದ. ಮರುದಿನವೂ ಅದೇ ಜಾಗ.

"ಆತಗ ಬಿಡ್ರಿ, ಅಲ್ಲೇ ಹಾಕ್ಲಿ" ಎಂದಳು ಶರಣಮ್ಮ.

ಹತ್ತು ಹನ್ನೆರಡು ದಿನಕ್ಕೆ ಆ ಜಾಗದಲ್ಲಿ ಒಂದು ಜಮಖಾನದಷ್ಟು ಹಸಿರು ಎದ್ದಿತು. ಸುತ್ತೆಲ್ಲ ಕಂದು. ಎರಡನೇ ಮಹಡಿಯ ಮಹೇಶ್ ಸಾರ್ ಅದರ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರು. ಆದೇಶ ಮೀರಿ ಲಾನಿಗೆ ನೀರು ಬಿಡುತ್ತಿರುವವರು ಯಾರು ಎಂದು ಕೇಳಿದರು. ಬೀಗದ ಕೀ ಇದ್ದದ್ದು ನನ್ನ ಹತ್ತಿರ, ಹಾಗಾಗಿ ಬೊಟ್ಟು ನನ್ನ ಕಡೆ ತಿರುಗಿತು. ಲಲಿತಾ ಮೇಡಂ ನನ್ನನ್ನೂ ಮಹೇಶ್ ಸಾರನ್ನೂ ಸಂಜೆ ಲಾನಿನ ಹತ್ತಿರ ಕರೆದರು.

ನಾವು ನಿಂತಿರುವಾಗಲೇ ತಾಯಿ ಮಗ ಬಂದರು. ಚೇತನ್ ನಮ್ಮನ್ನು ನೋಡಲಿಲ್ಲ. ನೇರ ಹೋಗಿ, ಸುರಿದು, ಕೂತು, ಒದ್ದೆ ಹುಲ್ಲಿನ ಮೇಲೆ ಅಂಗೈ ಇಟ್ಟ.

"ಇದು ಯಾವ ನೀರು ಮೇಡಂ?" ಎಂದು ಮಹೇಶ್ ಸಾರ್ ಕೇಳಿದರು.

"ಸ್ನಾನದ್ದು ಸಾರ್. ಒಂದ್ಸಲ ಬಳಸಿದ್ದು" ಎಂದರು ವಾಸಂತಿ ಮೇಡಂ.

ಮಹೇಶ್ ಸಾರ್ ಚೇತನ್‌ನನ್ನೇ ನೋಡುತ್ತಾ ನಿಂತರು. "ಸಾರಿ ಮೇಡಂ. ನಂಗೆ ಗೊತ್ತಿರ್ಲಿಲ್ಲ" ಎಂದು ಮೆಲ್ಲಗೆ ಹೇಳಿ, ಅಲ್ಲೇ ಫೋನು ತೆಗೆದು ಫೋಟೋ ಅಳಿಸಿದರು.

ಮರುದಿನ ಸಂಜೆ ಅವರೇ ತರಕಾರಿ ತೊಳೆದ ನೀರನ್ನು ಬಕೆಟಿನಲ್ಲಿ ಹಿಡಿದು ಇಳಿದು ಬಂದರು. ಎಲ್ಲಿ ಹಾಕಲಿ ಎಂದು ಶರಣಮ್ಮನನ್ನು ಕೇಳುತ್ತಿರುವಾಗ ಚೇತನ್ ಎದ್ದು ಬಂದು, ಅವರ ಕೈಯಿಂದ ಬಕೆಟ್ ತೆಗೆದುಕೊಂಡು, ತನ್ನ ಜಾಗಕ್ಕೇ ಸುರಿದು, ಖಾಲಿ ಬಕೆಟ್ ತಂದು ಅವರ ಕಾಲ ಬಳಿ ಇಟ್ಟ. ಮಹೇಶ್ ಸಾರ್ ಜೋರಾಗಿ ನಕ್ಕರು. ಆಮೇಲೆ ಇನ್ನೂ ಕೆಲವು ಮನೆಯವರು ಬಕೆಟ್ ತಂದರು. ಹಲವರದು ನಾಲ್ಕು ದಿನದ ಹುಮ್ಮಸ್ಸು. ನಲ್ಲಿಗೆ ನೆಗಡಿ ಎಂದಿದ್ದ ಅಜ್ಜಿ ಮತ್ತು ಮಹೇಶ್ ಸಾರ್ ಮಾತ್ರ ಬೇಸಿಗೆ ಮುಗಿಯುವವರೆಗೂ ಬಂದರು. ಮಕ್ಕಳ ಕೈ ಹಿಡಿದು ಪಕ್ಕಕ್ಕೆ ಎಳೆಯುವವರು ಪೂರ್ತಿ ಇಲ್ಲವಾದರು ಎಂದು ಹೇಳಲಾರೆ. ಕಡಿಮೆಯಾದರು.

ಮಳೆ ಹಿಡಿಯಿತು. ರಿಗ್ಗುಗಳು ಬೇರೆ ಕಡೆ ಹೋದವು. ಲಾನಿನ ನಲ್ಲಿಯ ಬೀಗವನ್ನು ನಾನೇ ತೆಗೆದೆ. ಸಂಘದವರು ಅರ್ಧ ಲಾನ್ ಅಗೆಸಿ, ಹೆಚ್ಚು ನೀರು ಬೇಡದ ಗಿಡಗಳನ್ನು ಹಾಕಿಸಿದರು. ಎಲ್ಲಿಂದ ಎಲ್ಲಿಯವರೆಗೆ ಅಗೆಯಬಾರದು ಎಂದು ಶರಣಮ್ಮ ಗುರುತು ಹಾಕಿ ತೋರಿಸಿದಳು.

ಅದಾದ ವರ್ಷ ನಾನು ಕೆಲಸ ಬಿಟ್ಟೆ. ಕೊನೆಯ ದಿನ ಹಾರ ಹಾಕಿದರು, ಮಾತಾಡಿದರು. ಅದು ಮುಗಿದ ಮೇಲೆ ಮುನ್ನೂರ ನಾಲ್ಕಕ್ಕೆ ಹೋಗಿ, ಇನ್ನು ಪಂಪು ಕೆಟ್ಟರೆ ಯಾರಿಗೆ ಹೇಳಬೇಕು, ಚೀಲ ಯಾವಾಗ ಬದಲಿಸಬೇಕು ಎಂದು ವಾಸಂತಿ ಮೇಡಂಗೆ ವಿವರಿಸುತ್ತಿದ್ದೆ. ಚೇತನ್ ಕೋಣೆಯಿಂದ ಬಂದ. ನನ್ನ ಮುಖ ನೋಡಲಿಲ್ಲ. ಮುಂಗೈ ಹಿಡಿದು ಬಚ್ಚಲುಮನೆಗೆ ಕರೆದೊಯ್ದ. ಹೊರಗಿದ್ದ ಬ್ಯಾಟರಿಯ ಸ್ವಿಚ್ಚನ್ನು ತಾನೇ ಒತ್ತಿದ. ನೀರು ಬೀಳತೊಡಗಿತು. ನನ್ನ ಕೈಯನ್ನು ಬಿಡಿಸಿ, ಅಂಗೈ ಮೇಲೆ ಮಾಡಿ, ಆ ನೀರಿನ ಕೆಳಗೆ ಹಿಡಿದ. ಅದರ ಪಕ್ಕದಲ್ಲಿ ತನ್ನ ಕೈಯನ್ನೂ ಒಡ್ಡಿದ.

"ನಂಜುಂಡಣ್ಣ, ಹೊಸ ಷರ್ಟು, ತೋಳೆಲ್ಲ ನೆನೀತಿದೆ" ಎಂದರು ವಾಸಂತಿ ಮೇಡಂ ಹಿಂದಿನಿಂದ.

"ನೆನೀಲಿ ಬಿಡಿ ಮೇಡಂ" ಎಂದೆ.